ವೆಲೆನ್ಸಿಯಾದ ಊಟ, ಸಾಗರದ ಬೋರ್ಡು



ಕಳೆದ ವರ್ಷ ಏಪ್ರಿಲ್‌ನಲ್ಲಿ ನಾನೂ ನಮ್ಮ ಮನೆಯವರೂ ಸ್ಪೇನ್ ದೇಶದ ವೆಲೆನ್ಸಿಯಾದಲ್ಲಿರುವ ಮಗಳ ಮನೆಗೆ ಹೋಗಿ ಎರಡು ತಿಂಗಳು ಇದ್ದು ಬಂದೆವು. ಪ್ರವಾಸ ಕಥನ ಬರೆಯುವ ಆಸೆ ನನಗಿಲ್ಲ. ಅಲ್ಲಿನ ಹೋಟೆಲೊಂದರಲ್ಲಿ ಒಂದು ಮಧ್ಯಾಹ್ನ ಉಂಡ ಊಟದ ಬಗ್ಗೆ ಮಾತ್ರ ಬರೆಯುತ್ತೇನೆ. ಆ ಊಟ ಜೀರ್ಣವಾಗಿ ವರ್ಷವಾಯಿತು. ಆದರೆ ಅಲ್ಲಿ ಕೇಳಿದ ಎರಡು ಪ್ರಶ್ನೆಗಳು ಇನ್ನೂ ಜೀರ್ಣವಾಗಿಲ್ಲ.

ನಾನು ಹುಟ್ಟಿದ್ದು ಹೊಸನಗರ ತಾಲ್ಲೂಕಿನ ಹಳ್ಳಿಯಲ್ಲಿ. ಹೆಣ್ಣು ತಂದದ್ದು ತೀರ್ಥಹಳ್ಳಿ ಕಡೆಯಿಂದ. ದಾವಣಗೆರೆಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ, ನೀರಾವರಿ ಇಲಾಖೆಯಲ್ಲಿ ಮೂವತ್ತೈದು ವರ್ಷ ಕಾಲುವೆ, ತೂಬು, ಪಿಕಪ್ ಎಂದು ತಿರುಗಿ, ಈಗ ಸಾಗರದಲ್ಲಿ ಮನೆ ಕಟ್ಟಿಕೊಂಡಿದ್ದೇನೆ. ನೌಕರಿಯ ಕಾಲದಲ್ಲಿ ಮೊಟ್ಟೆ ಬೇಯಿಸುವ ಹೋಟೆಲಿನಲ್ಲಿ ನಾನು ಚಹಾ ಸಹ ಕುಡಿದವನಲ್ಲ. ಕ್ಯಾಂಪ್‌ಗೆ ಹೋಗುವಾಗ ಚೀಲದಲ್ಲಿ ಅವಲಕ್ಕಿ, ಚಟ್ನಿಪುಡಿ, ನಾಲ್ಕು ಬಾಳೆಹಣ್ಣು ಇದ್ದೇ ಇರುತ್ತಿತ್ತು. ಇದನ್ನು ಹೆಮ್ಮೆಯಿಂದ ಹೇಳಿಕೊಂಡು ಬಂದವನು ನಾನು. ವೆಲೆನ್ಸಿಯಾಕ್ಕೂ ಹತ್ತು ಕಿಲೋ ಅಂಥದ್ದೇ ಸಾಮಾನು ಹೊತ್ತುಕೊಂಡೇ ಹೋಗಿದ್ದೆವು.

ಇನ್ನೊಂದು ಮಾತು ಹೇಳಿ ಊಟಕ್ಕೆ ಬರುತ್ತೇನೆ. ನೀರಾವರಿಯವನಾದ ನನಗೆ ಆ ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಅಲ್ಲಿನ ನೀರಿನ ನ್ಯಾಯಮಂಡಳಿ. ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಅಲ್ಲಿಯ ದೊಡ್ಡ ಚರ್ಚಿನ ಬಾಗಿಲೆದುರು ಕರಿ ನಿಲುವಂಗಿ ತೊಟ್ಟ ಕೆಲವು ರೈತರು ಬಂದು ಸಾಲಾಗಿ ಕೂರುತ್ತಾರೆ. ತುರಿಯಾ ನದಿಯಿಂದ ಹೊರಡುವ ಕಾಲುವೆಗಳ ರೈತರೇ ಆರಿಸಿ ಕಳಿಸಿದವರು ಅವರು. ನೀರಿನ ತಕರಾರು ಇದ್ದವರು ಅಲ್ಲಿಯೇ ನಿಂತು ಹೇಳಬೇಕು, ತೀರ್ಪು ಅಲ್ಲಿಯೇ, ಎಲ್ಲವೂ ಬಾಯಿಮಾತಿನಲ್ಲಿ. ವಕೀಲರಿಲ್ಲ, ಕಡತವಿಲ್ಲ. ನೂರಾರು ವರ್ಷಗಳಿಂದ ನಡೆದು ಬಂದಿರುವ ಇದನ್ನು 2009ರಲ್ಲಿ ಯುನೆಸ್ಕೊ ಪಾರಂಪರಿಕ ಪಟ್ಟಿಗೆ ಸೇರಿಸಿತು. ಕೊನೆ ಭಾಗದ ರೈತನಿಗೆ ನೀರು ಮುಟ್ಟಿಸಲಾಗದೆ ಇಲಾಖೆಯಲ್ಲಿ ಎಷ್ಟು ಪತ್ರ ಬರೆದೆನೋ ಅಷ್ಟೂ ಅಲ್ಲಿ ನಿಂತಾಗ ನೆನಪಾಯಿತು. ಆ ಗುರುವಾರ ಒಂದೂ ತಕರಾರು ಇರಲಿಲ್ಲ. ಐದು ನಿಮಿಷದಲ್ಲಿ ಎದ್ದು ಹೋದರು.

ಅದೇ ದಿನ ಎರಡು ಗಂಟೆಗೆ ನಮ್ಮ ಊಟ. ಅಲ್ಲಿ ಮಧ್ಯಾಹ್ನದ ಊಟವೆಂದರೆ ಎರಡರ ಮೇಲೆಯೇ, ರಾತ್ರಿಯದು ಒಂಬತ್ತರ ಮೇಲೆ. ಮಗಳು, ಅಳಿಯ, ಹದಿನಾಲ್ಕು ವರ್ಷದ ಮೊಮ್ಮಗಳು, ನಾವಿಬ್ಬರು. ಮೊಮ್ಮಗಳು ಒಂದು ವರ್ಷದಿಂದ ವೀಗನ್. ಎಂದರೆ ಮಾಂಸ, ಮೊಟ್ಟೆಯ ಜೊತೆಗೆ ಹಾಲು, ಮೊಸರು, ತುಪ್ಪ, ಜೇನನ್ನೂ ಬಿಟ್ಟವಳು. ವೀಗನ್ ಎನ್ನುವ ಈ ಹೆಸರು 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಹಾಲು ಹೈನವನ್ನೂ ಬಿಟ್ಟ ಕೆಲವು ಸಸ್ಯಾಹಾರಿಗಳು ಡೊನಾಲ್ಡ್ ವಾಟ್ಸನ್ ಎಂಬವರ ಜೊತೆ ಸೇರಿ ಬೇರೆ ಸಂಘ ಕಟ್ಟಿಕೊಂಡರು. ನಮ್ಮ ಮನೆಯವರಿಗೆ ಇದೊಂದು ದೊಡ್ಡ ಸಂಕಟ. ತುಪ್ಪ ಹಾಕದೆ ಮೊಮ್ಮಗಳಿಗೆ ಹೋಳಿಗೆ ಕೊಡುವುದು ಹೇಗೆ?

ಹೋಟೆಲಿನ ಹುಡುಗ ಬಂದವನೇ ನಮ್ಮ ಮುಖ ನೋಡಿ, ಮಗಳ ಹತ್ತಿರ ನಗುತ್ತ ಕೇಳಿದ: ವೆಹೆತಾರಿಯಾನೋ, ವೆಗಾನೋ? ಸಸ್ಯಾಹಾರವೋ, ವೀಗನ್ನೋ? ಇದು ನಾನು ಹೇಳಿದ ಎರಡು ಪ್ರಶ್ನೆಗಳಲ್ಲಿ ಮೊದಲನೆಯದು. ಮಗಳು ನಾಲ್ವರು ಹೀಗೆ, ಒಬ್ಬಳು ಹಾಗೆ ಎಂದಳು. ಅವನು ಪಟ್ಟಿಯನ್ನು ತೆರೆದು ಒಂದೊಂದೇ ತಿಂಡಿಯ ಮೇಲೆ ಬೆರಳಿಟ್ಟು ಇದು ಆಗುತ್ತದೆ, ಇದು ಆಗುವುದಿಲ್ಲ, ಇದರಲ್ಲಿ ಮೇಲೆ ಉದುರಿಸುವುದನ್ನು ಬಿಟ್ಟು ಕೊಡುತ್ತೇವೆ ಎಂದು ಹೇಳುತ್ತ ಹೋದ. ಯುರೋಪಿನಲ್ಲಿ 2014ರ ಕೊನೆಯಿಂದ ಒಂದು ಕಾನೂನಿದೆ. ಅಲರ್ಜಿ ತರಬಹುದಾದ ಹದಿನಾಲ್ಕು ಪದಾರ್ಥಗಳು ಯಾವ ತಿನಿಸಿನಲ್ಲಿವೆ ಎಂಬುದನ್ನು ಹೋಟೆಲಿನವರು ತಿಳಿಸಲೇಬೇಕು. ಹಾಲು, ಮೊಟ್ಟೆ, ಮೀನು, ಸಿಗಡಿಯ ಜಾತಿಯವು ಆ ಹದಿನಾಲ್ಕರಲ್ಲಿ ಸೇರಿವೆ. ನಮ್ಮಂಥವರಿಗಾಗಿ ಮಾಡಿದ ಕಾನೂನಲ್ಲ, ಆದರೂ ನಮಗೆ ಕೈದೀವಿಗೆಯಾಯಿತು. ಮಾಂಸ ಮಾತ್ರ ಆ ಪಟ್ಟಿಯಲ್ಲಿ ಇಲ್ಲ. ಅದನ್ನು ಕೇಳಿಯೇ ತಿಳಿಯಬೇಕು.

ಕೇಳದಿದ್ದರೆ ಮೋಸ ಹೋಗುವುದು ಸುಲಭ. ಸ್ಪೇನಿನಲ್ಲಿ ಮಾಂಸವಿಲ್ಲದ್ದು ಕೊಡಿ ಎಂದರೆ ಹಂದಿಯ ಒಣ ಮಾಂಸದ ಚೂರು ಉದುರಿಸಿ ಕೊಟ್ಟಾರು. ಅದನ್ನು ಅವರು ಹಾಮೋನ್ ಅನ್ನುತ್ತಾರೆ, ಕೆಲವರ ಲೆಕ್ಕದಲ್ಲಿ ಅದು ಮಾಂಸವಲ್ಲ, ಒಗ್ಗರಣೆ! ಹಸಿ ತರಕಾರಿಯ ಕೋಸಂಬರಿ ತರಿಸಿದರೆ ಮೇಲೆ ಟ್ಯೂನಾ ಮೀನು ಕೂತಿರುತ್ತದೆ. ಕಾಳಿನ ಸಾರು ಎಂದರೆ ಅದು ಎಲುಬು ಹಾಕಿ ಕುದಿಸಿದ್ದಿರಬಹುದು. ಟೋರ್ಟಿಲ್ಲಾ ಎಂದರೆ ಆಲೂಗೆಡ್ಡೆಯ ದಪ್ಪ ದೋಸೆಯಂತೆ ಕಾಣುತ್ತದೆ, ಒಳಗೆಲ್ಲ ಮೊಟ್ಟೆ.

ಆದರೆ ಕೇಳಿ ತರಿಸಿದರೆ ಹೊಟ್ಟೆ ತುಂಬ ಊಟವಿದೆ. ಅಡಿಗೆಗೆ ಬೆಣ್ಣೆ ಕಡಿಮೆ, ಆಲಿವ್ ಎಣ್ಣೆಯೇ ಮುಖ್ಯ. ಆದ್ದರಿಂದ ವೀಗನ್ ಹುಡುಗಿಗೂ ಬರ ಬರಲಿಲ್ಲ. ಸುಟ್ಟ ರೊಟ್ಟಿಗೆ ಬೆಳ್ಳುಳ್ಳಿ ಉಜ್ಜಿ, ಟೊಮೆಟೊ ಹಿಂಡಿ, ಎಣ್ಣೆ ಸುರಿದು ಕೊಟ್ಟರು. ಗಿಡ್ಡ ಹಸಿಮೆಣಸಿನಕಾಯಿಗಳನ್ನು ಇಡಿಯಾಗಿ ಹುರಿದು ಉಪ್ಪು ಉದುರಿಸಿದ ಒಂದು ತಟ್ಟೆ ಬಂತು. ಪಾದ್ರೋನ್ ಎಂದು ಅದರ ಹೆಸರು, ಹತ್ತರಲ್ಲಿ ಒಂದು ಖಾರ, ಆ ಒಂದು ನಮ್ಮ ಮನೆಯವರಿಗೇ ಸಿಕ್ಕಿತು. ಗಸ್ಪಾಚೊ ಎಂಬುದು ಟೊಮೆಟೊ, ಸೌತೆಕಾಯಿ, ಬೆಳ್ಳುಳ್ಳಿ ಅರೆದು ತಣ್ಣಗೆ ಕುಡಿಯುವ ಸಾರು. ಒಂದು ಗುಟುಕು ಕುಡಿದವನಿಗೆ ನೆನಪಾದದ್ದು ನಮ್ಮ ಅಪ್ಪೆಹುಳಿ. ಬೇಸಿಗೆಯಲ್ಲಿ ಅಪ್ಪೆಮಿಡಿ ಬೇಯಿಸಿ ಕಿವುಚಿ, ಇಂಗು-ಸಾಸಿವೆ ಒಗ್ಗರಣೆ ಕೊಟ್ಟು ಲೋಟ ಲೋಟ ಕುಡಿಯುತ್ತೇವಲ್ಲ, ಅದರ ದೂರದ ನೆಂಟ. ಮೊಮ್ಮಗಳಿಗೆ ಹೇಳಿದೆ: ನಿನ್ನ ಊಟ ನಿನ್ನ ಅಜ್ಜಿಯ ಊರಿನಲ್ಲೇ ಇದೆಯಲ್ಲ ಪುಟ್ಟಿ! ಅಪ್ಪೆಹುಳಿ, ಕಳಲೆ ಪಲ್ಯ, ಪತ್ರೊಡೆ, ಕೊಟ್ಟೆಕಡುಬು, ಹಲಸಿನ ಹಪ್ಪಳ, ಇದರಲ್ಲಿ ಯಾವುದಕ್ಕೂ ಹಾಲು ಬೇಕಿಲ್ಲ.

ಕೊನೆಗೆ ಪಾಯೆಲ್ಲಾ. ವೆಲೆನ್ಸಿಯಾದವರ ಹೆಮ್ಮೆಯ ಅನ್ನ ಇದು. ಊರ ಹೊರಗೆ ಅಲ್ಬುಫೇರಾ ಎಂಬ ದೊಡ್ಡ ಸರೋವರ, ಅದರ ಸುತ್ತ ನಮ್ಮ ಗದ್ದೆಯಂಥದೇ ಗದ್ದೆ. ಭತ್ತವನ್ನು ಆ ದೇಶಕ್ಕೆ ತಂದವರು ಅರಬರು. ಅನ್ನಕ್ಕೆ ಇವತ್ತಿಗೂ ಅಲ್ಲಿರುವ ಹೆಸರು ಅರಬ್ಬಿಯದೇ. ಅಗಲವಾದ ಚಪ್ಪಟೆ ಬಾಣಲೆಯಲ್ಲಿ ಕೇಸರಿ ಹಾಕಿ, ಕಲಕದೆ ಬೇಯಿಸುತ್ತಾರೆ. ತಳದಲ್ಲಿ ಹಿಡಿಯುವ ಗರಿಗರಿ ಅನ್ನಕ್ಕೆ ಸೊಕರಾತ್ ಎಂದು ಹೆಸರಿಟ್ಟು ಅದಕ್ಕಾಗಿ ಜಗಳವಾಡುತ್ತಾರೆ. ನಮ್ಮಲ್ಲಿ ಅನ್ನ ತಳ ಹಿಡಿದರೆ ಹೆಂಗಸರಿಗೆ ಬೈಗುಳ. ಅವರ ಸಾಂಪ್ರದಾಯಿಕ ಪಾಯೆಲ್ಲಾಕ್ಕೆ ಕೋಳಿ, ಮೊಲ, ಕೆಲವೊಮ್ಮೆ ಬಸವನಹುಳು ಬೀಳುತ್ತದೆ. ನಮಗೆ ತರಕಾರಿಯದು, ಹುರುಳಿಕಾಯಿ, ಡಬಲ್ ಬೀನ್ಸ್ ಕುಲದ ದಪ್ಪ ಕಾಳು, ಆರ್ಟಿಚೋಕ್ ಎಂಬ ಹೂಮೊಗ್ಗು. ನಾನು ಮಗಳಿಗೆ, ಅದೇ ಬಾಣಲೆಯಲ್ಲಿ ಬೆಳಿಗ್ಗೆ ಮೊಲ ಬೇಯಿಸಿದ್ದರೆ? ಕೇಳು ಎಂದೆ. “ಅಪ್ಪಾಜಿ, ಬಿಡಿ” ಎಂದಳು. ಬಿಡಲಿಲ್ಲ. ಹುಡುಗ ಒಳಗೆ ಹೋಗಿ ಬಂದು, ಬಾಣಲೆ ತೊಳೆದದ್ದು, ಸೌಟು ಬೇರೆ, ಬೇಯಿಸಿದ್ದು ತರಕಾರಿ ನೀರಿನಲ್ಲಿ, ಇಷ್ಟು ಸಾಕೇ ಎಂದು ಕೇಳಿದ. ಅವನ ಮುಖದಲ್ಲಿ ಬೇಸರವಿರಲಿಲ್ಲ. ಸಾಕು ಎಂದೆ.

ಇಷ್ಟೆಲ್ಲ ಶೋಧನೆ ಮಾಡಿದ ನಾನು ಊಟದ ಮೊದಲಿಗೇ ಬಂದಿದ್ದ ಚೀಸಿನ ತಟ್ಟೆಯಿಂದ ಎರಡು ಹೋಳು ತಿಂದಾಗಿತ್ತು. ಮಾಂಚೆಗೊ ಎಂದು ಅದರ ಹೆಸರು, ಕುರಿಯ ಹಾಲಿನದು. ಚೆನ್ನಾಗಿತ್ತು, ಮೂರನೆಯದಕ್ಕೆ ಕೈ ಹಾಕಿದೆ. ಮೊಮ್ಮಗಳು ಮೆಲ್ಲಗೆ, “ಅಜ್ಜ, ಅದಕ್ಕೆ ಹಾಲು ಒಡೆಯೋಕೆ ಏನು ಹಾಕ್ತಾರೆ ಗೊತ್ತಾ?” ಎಂದಳು. ಗೊತ್ತಿರಲಿಲ್ಲ. ಹಾಲು ಕುಡಿಯುವ ಎಳೆ ಮರಿಯ ಹೊಟ್ಟೆಯ ಒಳಪದರದಿಂದ ತೆಗೆದ ರೆನ್ನೆಟ್ ಹಾಕುವುದು ಆ ಚೀಸಿನ ಹಳೆಯ ಪದ್ಧತಿ. ಈಗ ಬೇರೆ ಕಿಣ್ವಗಳೂ ಬಂದಿವೆ. ಆದರೆ ನಮ್ಮ ತಟ್ಟೆಯದು ಯಾವುದೆಂದು ಕೇಳಿದಾಗ ಹುಡುಗ ಹಳೇ ಪದ್ಧತಿಯದೇ ಎಂದು ಹೆಮ್ಮೆಯಿಂದ ಹೇಳಿದ. ನಾನು ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದೆ. ಹಾಲಿನ ಪದಾರ್ಥ ಎಂಬ ಒಂದೇ ಕಾರಣಕ್ಕೆ ನಾನು ಪ್ರಶ್ನೆಯನ್ನೇ ಕೇಳಿರಲಿಲ್ಲ. ಬಾಣಲೆಯ ಬಗ್ಗೆ ಮೂರು ಸಲ ಕೇಳಿದವನು!

ವಾತಾವರಣ ತಿಳಿ ಮಾಡಲು ಹೇಳಿದೆ: ನಮ್ಮ ಊರಿನ ಹಾಲಿನಲ್ಲಿ ಅಂಥದ್ದೇನೂ ಇಲ್ಲ, ನಾವು ಹಸುವನ್ನು ತಾಯಿಯಂತೆ ನೋಡಿಕೊಳ್ಳುತ್ತೇವೆ. ಆಗ ಅವಳು ಎರಡನೆಯ ಪ್ರಶ್ನೆ ಕೇಳಿದಳು. “ನಿಮ್ಮ ಕೊಟ್ಟಿಗೇಲಿ ಗಂಡು ಕರು ಹುಟ್ಟಿದ್ರೆ ಏನು ಮಾಡ್ತೀರಾ ಅಜ್ಜ?”

ಅಳಿಯ ಮಾತು ಬದಲಿಸಿದರು. ನಾನು ಉತ್ತರ ಹೇಳಲಿಲ್ಲ. ಈಗ ಹೇಳುತ್ತೇನೆ.

ನಿವೃತ್ತನಾದ ಮೇಲೆ ತಮ್ಮನ ಜೊತೆ ಸೇರಿ ಊರಿನ ಹಳೇ ಕೊಟ್ಟಿಗೆಯಲ್ಲಿ ಎರಡು ಜೆರ್ಸಿ ಮಿಶ್ರತಳಿ ಹಸು ಕಟ್ಟಿಸಿದೆ. ನಮ್ಮ ಅಪ್ಪನ ಕಾಲದಲ್ಲಿ ಇದ್ದದ್ದು ಮಲೆನಾಡು ಗಿಡ್ಡ. ದಿನಕ್ಕೆ ಎರಡು ಲೀಟರ್ ಕೊಟ್ಟರೆ ದೊಡ್ಡದು, ಆದರೆ ಗುಡ್ಡ ಹತ್ತಿ ಮೇದು ತಾನೇ ಮನೆಗೆ ಬರುತ್ತಿತ್ತು, ಕೊಟ್ಟಿಗೆ ಗೊಬ್ಬರ ತೋಟಕ್ಕೆ ಸಾಕಾಗುತ್ತಿತ್ತು, ಗಂಡು ಹುಟ್ಟಿದರೆ ನೇಗಿಲಿಗೆ ಹೋಗುತ್ತಿತ್ತು. ಗದ್ದೆಗೆ ಟಿಲ್ಲರ್ ಬಂತು, ಗಂಡು ಕರುವಿಗೆ ಕೆಲಸ ಹೋಯಿತು. ಡೇರಿ ಬಂತು, ಲೀಟರ್ ಲೆಕ್ಕ ಬಂತು, ಮಿಶ್ರತಳಿ ಬಂತು. ಮಿಶ್ರತಳಿಯ ಗಂಡು ಕರು ಮಲೆನಾಡಿನ ಮಳೆಗೂ ಗುಡ್ಡಕ್ಕೂ ಆಗುವುದಿಲ್ಲ. ಅದಕ್ಕೆ ಕುಡಿಸಿದ ಹಾಲು ಡೇರಿಗೆ ಹೋಗುವ ಹಾಲಿನಲ್ಲಿ ಕಡಿತ. ನಮ್ಮಲ್ಲಿ ಇದುವರೆಗೆ ನಾಲ್ಕು ಗಂಡು ಹುಟ್ಟಿವೆ. ಮೊದಲಿನ ಎರಡನ್ನು ಮುಸ್ಸಂಜೆ ಹೊತ್ತು ಒಬ್ಬ ಬಂದು ಹಿಡಿದುಕೊಂಡು ಹೋದ. ದುಡ್ಡು ಎಣಿಸಿಕೊಂಡೆವು, ಎಲ್ಲಿಗೆ ಎಂದು ಕೇಳಲಿಲ್ಲ. 2021ರಲ್ಲಿ ಹೊಸ ಗೋಹತ್ಯಾ ನಿಷೇಧ ಕಾಯ್ದೆ ಜಾರಿಗೆ ಬಂದ ಮೇಲೆ ಅವನು ಬರುವುದು ನಿಂತಿತು. ಮೂರನೆಯದು ಹಾಲು ಬಿಡಿಸುವ ಮೊದಲೇ ಸತ್ತಿತು, ಏಕೆ ಸತ್ತಿತೆಂದು ನಾನು ವಿಚಾರಿಸಲಿಲ್ಲ. ನಾಲ್ಕನೆಯದನ್ನು ತಮ್ಮ ಒಂದು ರಾತ್ರಿ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋಗಿ ಕಾಡಂಚಿನ ರಸ್ತೆಯಲ್ಲಿ ಬಿಟ್ಟು ಬಂದ. ಬೆಳಿಗ್ಗೆ ಹಗ್ಗ ಮಾತ್ರ ಗೂಟಕ್ಕೆ ನೇತುಹಾಕಿದ್ದ. ನನಗೆ ಗೊತ್ತಾಯಿತು, ಆಗಲೂ ಕೇಳಲಿಲ್ಲ.

ಸಾಗರದಿಂದ ಹೊಸನಗರಕ್ಕೆ, ಅಲ್ಲಿಂದ ತೀರ್ಥಹಳ್ಳಿಗೆ ರಾತ್ರಿ ಬಸ್ಸಿನಲ್ಲಿ ಹೋಗುವವರಿಗೆ ರಸ್ತೆಯ ಮೇಲೆ ಮಲಗಿದ ಅಂಥ ಎಳೆಗರುಗಳು ಕಂಡಿರುತ್ತವೆ. ಅವುಗಳಲ್ಲಿ ಬಹಳಷ್ಟು ಸಸ್ಯಾಹಾರಿಗಳ ಮನೆಯ ಕೊಟ್ಟಿಗೆಯಿಂದ ಬಂದವು ಎಂದು ನಾನು ಹೇಳಿದರೆ ಯಾರೂ ಸಿಟ್ಟಾಗಬಾರದು, ನಾನೂ ಅವರಲ್ಲೊಬ್ಬ. ದಯೆಯ ಬಗ್ಗೆ ಅಣ್ಣನವರ ವಚನ ನಮ್ಮ ಮನೆಯ ಮೂರು ವರ್ಷದ ಮಗುವಿಗೂ ಬಾಯಿಪಾಠ. ನಾವು ಮಾಂಸ ತಿನ್ನುವುದಿಲ್ಲ ಎಂಬುದು ನಿಜ. ಆ ಕಾರಣಕ್ಕೆ ನಾವು ದಯಾವಂತರು ಎಂಬ ಲೆಕ್ಕ ನನಗೆ ಈಗ ತಾಳೆಯಾಗುತ್ತಿಲ್ಲ.

ಮೊಮ್ಮಗಳಂತೆ ಎಲ್ಲರೂ ಹಾಲು ಬಿಡಿ ಎಂದು ನಾನು ಹೇಳುವುದಿಲ್ಲ. ನಾನೇ ಬಿಟ್ಟಿಲ್ಲ. ಅರವತ್ತೇಳು ವರ್ಷದ ಮಜ್ಜಿಗೆಯ ಚಟ, ಮೊಸರಿಲ್ಲದೆ ಊಟ ಮುಗಿದಂತೆನಿಸುವುದಿಲ್ಲ. ಹೊಲ ಕಡಿಮೆಯಿರುವ ಮನೆಗಳಿಗೆ ಡೇರಿಯ ದುಡ್ಡೇ ವಾರದ ಸಂತೆಗೆ ಆಧಾರ ಎಂಬುದೂ ಗೊತ್ತು. ಹೆಣ್ಣು ಕರುವೇ ಹೆಚ್ಚಾಗಿ ಹುಟ್ಟುವಂತೆ ಬೇರ್ಪಡಿಸಿದ ವೀರ್ಯದ ಕಡ್ಡಿ ಈಗ ಸಿಗುತ್ತದೆ, ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ಅದನ್ನೇ ಹಾಕಿಸಬಹುದು. ನಮ್ಮ ಕೊಟ್ಟಿಗೆಗೆ ಹಾಕಿಸಿದ್ದೇನೆ. ಆಚೆಗೂ ಗಂಡು ಹುಟ್ಟಿದರೆ ಅದರ ಮೇವಿನ ಖರ್ಚು ನನ್ನ ಪಿಂಚಣಿಯಿಂದ ಎಂದು ತಮ್ಮನಿಗೆ ಹೇಳಿದ್ದೇನೆ. ಅವನು ನಕ್ಕ. ಎಷ್ಟು ವರ್ಷ ಎಂದು ಕೇಳಿದ.

ಇನ್ನು ಮೊದಲನೆಯ ಪ್ರಶ್ನೆಗೆ, ಹೋಟೆಲಿನ ಹುಡುಗ ಕೇಳಿದ್ದಕ್ಕೆ, ಬರುತ್ತೇನೆ. ನೀವು ಸಸ್ಯಾಹಾರಿಗಳೇ ಎಂಬ ಅದೇ ಪ್ರಶ್ನೆಯನ್ನು ನಾನೂ ವರ್ಷಗಟ್ಟಲೆ ಕೇಳುತ್ತ ಬಂದವನು. ಸಾಗರದ ನನ್ನ ಮನೆಯ ಮಹಡಿಯನ್ನು ಬಾಡಿಗೆಗೆ ಕೊಡುತ್ತೇನೆ. ಗೇಟಿಗೆ ಒಂದು ಬೋರ್ಡು ಇತ್ತು: ಮನೆ ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ. ಒಮ್ಮೆ ಕರಾವಳಿ ಕಡೆಯಿಂದ ವರ್ಗವಾಗಿ ಬಂದ ಗಂಡ-ಹೆಂಡತಿ, ಸಣ್ಣ ಮಗು, ಮಳೆಯಲ್ಲಿ ಬಂದು ನಿಂತರು. ಬೋರ್ಡು ನೋಡಿಯೂ ಗಂಡ, “ಸರ್, ಮನೇಲಿ ಮಾಡೋದಿಲ್ಲ, ಹೊರಗೇ ತಿಂತೀವಿ” ಎಂದು ಕೇಳಿಕೊಂಡ. ಆ ಹೆಣ್ಣುಮಗಳು ಮಾತಾಡಲಿಲ್ಲ, ಮಗುವಿನ ತಲೆಗೆ ಸೆರಗು ಹಿಡಿದು ನೆಲ ನೋಡುತ್ತ ನಿಂತಿದ್ದಳು. ಆಗುವುದಿಲ್ಲ ಎಂದೆ. ಊಟ ಮಾಡುವ ಹೊತ್ತು, ಒಳಗೆ ಕರೆದು ಒಂದು ಲೋಟ ನೀರೂ ಕೊಡಲಿಲ್ಲ. ನನ್ನ ಅಂಗಳದ ಪಕ್ಕದ ಗೋಡೆಯ ಮೇಲೆ ಆಗ ಬಸವಣ್ಣನವರ ಚಿತ್ರದ ಕ್ಯಾಲೆಂಡರ್ ಇತ್ತು.

ವೆಲೆನ್ಸಿಯಾದ ಹುಡುಗ ಕೇಳಿದ್ದು ನನಗೆ ಏನು ಬಡಿಸಬೇಕೆಂದು ತಿಳಿಯಲು. ನಾನು ಕೇಳುತ್ತಿದ್ದುದು ಯಾರನ್ನು ಹೊರಗೆ ನಿಲ್ಲಿಸಬೇಕೆಂದು ತಿಳಿಯಲು. ನಮ್ಮಲ್ಲಿ ಆ ಪ್ರಶ್ನೆ ಊಟದ್ದೂ ಅಲ್ಲ ಎಂಬುದು ನಿಮಗೂ ಗೊತ್ತು. ನೇರವಾಗಿ ಜಾತಿ ಕೇಳಲು ನಾಚಿಕೆ, ಅದಕ್ಕೆ ಊಟ ಕೇಳುತ್ತೇವೆ.

ಈ ರೋಗ ಹಳೆಯದು. 1623ರ ನವೆಂಬರ್‌ನಲ್ಲಿ ಗೋವೆಯಿಂದ ಪೋರ್ಚುಗೀಸರ ರಾಯಭಾರಿಯೊಬ್ಬ ಇಕ್ಕೇರಿಗೆ, ಕೆಳದಿಯ ಅರಸ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದ. ಇಕ್ಕೇರಿ ನನ್ನ ಮನೆಯಿಂದ ಸ್ಕೂಟರಿನಲ್ಲಿ ಹೋಗಿ ಬರುವಷ್ಟು ದೂರ. 1580ರಿಂದ 1640ರವರೆಗೆ ಪೋರ್ಚುಗಲ್ಲಿಗೂ ಸ್ಪೇನಿನ ದೊರೆಯೇ ದೊರೆಯಾಗಿದ್ದ, ಆದ್ದರಿಂದ ಆ ರಾಯಭಾರಿ ಒಂದು ಲೆಕ್ಕದಲ್ಲಿ ಸ್ಪೇನಿನ ಅರಸನ ಕಡೆಯವನೇ. ಅವರಿಗೆ ಬೇಕಾಗಿದ್ದುದು ನಮ್ಮ ಕಾಳುಮೆಣಸು. ಅವರು ಅಮೆರಿಕದಿಂದ ಹಡಗಿನಲ್ಲಿ ತಂದ ಮೆಣಸಿನಕಾಯಿ, ಗೇರು, ಆಲೂಗೆಡ್ಡೆ ನಮ್ಮ ಅಡಿಗೆಮನೆಗೆ ಸೇರಿ ನಮ್ಮದೇ ಆಗಿಹೋದವು. ವೆಲೆನ್ಸಿಯಾದಲ್ಲಿ ಆಲೂಗೆಡ್ಡೆಗೆ ಪತಾತಾ ಎಂದಾಗ ನಮ್ಮ ಮನೆಯವರು, “ನಮ್ಮ ಘಟ್ಟದ ಕೆಳಗಿನವರ ಬಟಾಟೆ!” ಎಂದರು.

ಆ ರಾಯಭಾರಿಯ ಜೊತೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಯಲ್ಲಿ ಕಂಡದ್ದು ಕೇಳಿದ್ದನ್ನೆಲ್ಲ ಪತ್ರಗಳಲ್ಲಿ ಬರೆದಿಟ್ಟಿದ್ದಾನೆ. ಅರಸನ ಮನೆತನ ಲಿಂಗವಂತರದು ಎಂಬುದನ್ನೂ ಬರೆದಿದ್ದಾನೆ. ಅಲ್ಲಿ ಕೇಳಿದ್ದೆಂದು ಅವನು ಹೇಳುವ ಒಂದು ಕತೆ ಹೀಗಿದೆ: ಅರಸ ಮುಸಲ್ಮಾನ ಹೆಣ್ಣೊಬ್ಬಳನ್ನು ಗುಟ್ಟಾಗಿ ಇಟ್ಟುಕೊಂಡದ್ದು ರಾಣಿ ಭದ್ರಮ್ಮನಿಗೆ ತಿಳಿಯಿತು. ಮಾಂಸ ತಿನ್ನುವವಳ ಸಂಗ ಮಾಡಿದ ನಿಮ್ಮ ಜೊತೆ ಇನ್ನು ಹೆಂಡತಿಯಾಗಿ ಇರಲಾರೆ, ಮಗಳಾಗಿ ಇರುತ್ತೇನೆ ಎಂದು ಅವಳು ದೂರವಾದಳಂತೆ. ರಾಣಿಯ ಸ್ವಾಭಿಮಾನ ದೊಡ್ಡದು, ಸಂಶಯವಿಲ್ಲ. ಆದರೆ ನೋಡಿ, ಗಂಡ ಮಾಡಿದ ದ್ರೋಹ ಬೇರೆ, ಮಾತು ಹೋಗಿ ನಿಂತದ್ದು ಊಟದ ಮೇಲೆ. ಇಕ್ಕೇರಿಯಿಂದ ರಾಜಧಾನಿ ಬಿದನೂರಿಗೆ ಹೋಯಿತು, ಅದೇ ನಮ್ಮ ಹೊಸನಗರ ತಾಲ್ಲೂಕಿನ ನಗರ. ಕವಲೇದುರ್ಗದ ಕೋಟೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಈಗ ಪಾಚಿ ಹಿಡಿದು ನಿಂತಿದೆ. ರಾಜ್ಯ ಹೋಯಿತು, ಆ ಅಳತೆಗೋಲು ಮಾತ್ರ ನಮ್ಮ ಗೇಟಿನವರೆಗೆ ಬಂದಿದೆ.

ಕಲ್ಯಾಣದ ಶರಣರು ಇದಕ್ಕೂ ನಾನ್ನೂರೈವತ್ತು ವರ್ಷ ಮೊದಲೇ ಬೇರೆ ಅಳತೆ ಇಟ್ಟಿದ್ದರು. ಡೋಹರ ಕಕ್ಕಯ್ಯನವರ ಕಾಯಕ ಚರ್ಮ ಹದ ಮಾಡುವುದು. ಹರಳಯ್ಯನವರದು ಚಪ್ಪಲಿ ಹೊಲಿಯುವುದು. ಮೊಮ್ಮಗಳು ಚರ್ಮದ ಬೆಲ್ಟನ್ನೂ ತೊಡುವುದಿಲ್ಲ. ಅವಳಿಗೆ ಕಕ್ಕಯ್ಯನವರ ಕತೆ ಹೇಳುವಾಗ ನನಗೇ ಒಂದು ಕ್ಷಣ ತಡೆಯಿತು. ಸತ್ತ ದನದ ಚರ್ಮ ಮುಟ್ಟಿದ ಕೈಯನ್ನು ಅಣ್ಣನವರು ಹಿಡಿದುಕೊಂಡರು. ಹಾಗೆ ಕೈ ಹಿಡಿದವರ ಹೆಸರು ಹೇಳುವ ನಾನು ಮೀನು ತಿನ್ನುವವನಿಗೆ ಮಹಡಿ ಕೊಡಲಿಲ್ಲ. ಅವಳು ಎಲ್ಲ ಕೇಳಿ, “ಅವರು ಪ್ರಾಣಿಯನ್ನು ಕೊಲ್ಲಲಿಲ್ಲ ಅಲ್ವಾ ಅಜ್ಜ, ಸತ್ತದ್ದನ್ನ ಉಪಯೋಗಿಸಿದರು” ಎಂದಳು. ನನಗೆ ಹೊಳೆಯದ ಉತ್ತರ ಅದು.

ಊರಿಗೆ ಬಂದ ಮೇಲೆ ಇನ್ನೊಂದು ಪ್ರಸಂಗ ನಡೆಯಿತು. ನಮ್ಮ ಕಡೆಯ ಕೆಲವು ಬಂಧುಗಳು ಶಾಲೆಯಲ್ಲಿ ಮೊಟ್ಟೆ ಕೊಡುವುದನ್ನು ನಿಲ್ಲಿಸಬೇಕೆಂಬ ಮನವಿ ಪತ್ರಕ್ಕೆ ಸಹಿ ಕೇಳಿಕೊಂಡು ಮನೆಗೆ ಬಂದರು. ನಿವೃತ್ತ ಇಂಜಿನಿಯರ್ ಎಂದು ಮೇಲೆಯೇ ಸಹಿ ಹಾಕಲು ಜಾಗ ಬಿಟ್ಟಿದ್ದರು. ಈ ಯೋಜನೆ 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಕಡೆ ಶುರುವಾದಾಗ ನಮ್ಮ ಕೆಲವು ಮಠಾಧೀಶರೂ ವಿರೋಧಿಸಿದ್ದರು, ಆಗ ನಾನೂ ಅವರ ಮಾತಿಗೆ ತಲೆದೂಗಿದ್ದೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಅದು ವಾರಕ್ಕೆ ಆರು ದಿನವಾಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ.

ನಾನು ಸಹಿ ಹಾಕಲಿಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಶಾಲೆಯಲ್ಲಿ ಮಗುವಿಗೆ ಮೊಟ್ಟೆಯೋ ಬಾಳೆಹಣ್ಣೋ ಎಂದು ಕೇಳಿ ಕೊಡುವುದು, ಹೋಟೆಲಿನ ಹುಡುಗ ನನ್ನನ್ನು ಕೇಳಿ ಬಡಿಸಿದ ಹಾಗೆಯೇ. ಪರದೇಶದಲ್ಲಿ ಐದು ಜನರಲ್ಲಿ ಐವರೂ ಅಲ್ಪಸಂಖ್ಯಾತರಾಗಿ ಕೂತಾಗ, ಮೊಲ ತಿನ್ನುವವರ ನಡುವೆ ನಮ್ಮ ತಟ್ಟೆ ಬೇರೆ ಇಡಿ ಎಂದು ಕೇಳುವ ಹಕ್ಕು ನಮಗೆ ಬೇಕು. ಊರಿಗೆ ಬಂದು ನಮ್ಮ ಕೈ ಮೇಲಾದಾಗ ಪಕ್ಕದ ಮಗುವಿನ ತಟ್ಟೆಯಲ್ಲೂ ನಮ್ಮ ಇಷ್ಟದ್ದೇ ಇರಬೇಕು. ಇದು ಯಾವ ನ್ಯಾಯ? ನಮ್ಮ ಮಗುವಿಗೆ ಬಾಳೆಹಣ್ಣು ತಪ್ಪಿದರೆ, ಒಂದೇ ಸೌಟಿನಲ್ಲಿ ಬಡಿಸಿದರೆ, ಒತ್ತಾಯ ಮಾಡಿದರೆ ಆಗ ಕರೆಯಿರಿ, ನಾನೇ ಮೊದಲು ಶಾಲೆಗೆ ಬರುತ್ತೇನೆ ಎಂದೆ. ಬಂದವರು ಚಹಾ ಕುಡಿಯದೆ ಹೋದರು. ವಿದೇಶಕ್ಕೆ ಹೋಗಿ ಬಂದು ಕೆಟ್ಟ ಎಂದು ಆಡಿಕೊಳ್ಳುತ್ತಿದ್ದಾರಂತೆ. ಹೋಗುವ ಮೊದಲು ಇದ್ದಷ್ಟೇ ಸಸ್ಯಾಹಾರಿಯಾಗಿದ್ದೇನೆ, ಚೀಸಿನ ಆ ಎರಡು ಹೋಳು ಬಿಟ್ಟರೆ.

ಮಠಗಳ ದಾಸೋಹದ ಬಗ್ಗೆ ಒಂದು ಸಣ್ಣ ಸಲಹೆ ಇದೆ. ಸಿದ್ಧಗಂಗೆಯಂಥ ಕಡೆ ಯಾವ ಜಾತಿಯೆಂದು ಕೇಳದೆ ಸಾವಿರಾರು ಮಕ್ಕಳಿಗೆ ನಡೆದು ಬಂದಿರುವ ಪ್ರಸಾದಕ್ಕೆ ನಾನು ಹೇಳಿಕೊಡುವುದೇನಿಲ್ಲ. ಆದರೆ ಈಗ ಸಕ್ಕರೆ ಕಾಯಿಲೆಯವರು, ಹಾಲು ಒಗ್ಗದವರು, ನನ್ನ ಮೊಮ್ಮಗಳಂಥ ಹುಡುಗ ಹುಡುಗಿಯರು ಪಂಕ್ತಿಯಲ್ಲಿ ಕೂರುತ್ತಾರೆ. ಕಳೆದ ಡಿಸೆಂಬರಿನಲ್ಲಿ ಅವಳು ಬಂದಿದ್ದಾಗ ಒಂದು ಮಠದ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಿದ್ದೆ. ಬಡಿಸುವ ತಾಯಿ ಪಾಯಸದ ಸೌಟು ಹಿಡಿದು ಬಂದಾಗ ಇವಳು ಎಲೆಗೆ ಕೈ ಅಡ್ಡ ಹಿಡಿದಳು. ಪ್ರಸಾದ ಬೇಡ ಅನ್ನಬಾರದು ಮಗಾ ಎಂದು ಆ ತಾಯಿ ಹಾಕಿಯೇಬಿಟ್ಟರು. ಅದರಲ್ಲಿ ಪ್ರೀತಿ ಇತ್ತು, ನಾನು ಬಲ್ಲೆ. ಇವಳು ಅದನ್ನು ಬಿಡಲೂ ಆಗದೆ ತಿನ್ನಲೂ ಆಗದೆ ಕೂತಳು. ಕೊನೆಗೆ ನಾನೇ ಅವಳ ಎಲೆಯಿಂದ ತೆಗೆದು ತಿಂದೆ. ಕಾಯಿಹಾಲಿನ ಪಾಯಸ ನಮ್ಮ ಮಲೆನಾಡಿಗೆ ಹೊಸದಲ್ಲ. ಎರಡು ಪಾತ್ರೆಯಲ್ಲಿ ಒಂದು ಅದಿರಲಿ, ಬಡಿಸುವವರು ಯಾವುದು ಎಂದು ಕೇಳಲಿ. ಇಷ್ಟಲಿಂಗಕ್ಕೆ ನೀರು, ವಿಭೂತಿ, ಒಂದು ಹೂವು ಸಾಕೆನ್ನುವ ನಮಗೆ ಇದು ಕಷ್ಟವಾಗಬಾರದು.

ಬೋರ್ಡಿನ ಕತೆ ಬಾಕಿ ಉಳಿಯಿತು. ಜನವರಿಯಲ್ಲಿ ಮಹಡಿ ಖಾಲಿಯಾದಾಗ ಬೋರ್ಡಿನ ಕೆಳಗಿನ ಸಾಲನ್ನು ಅಳಿಸಿ, ಮೇಲಿನ ಸಾಲು ಮಾತ್ರ ಉಳಿಸಿ ಗೇಟಿಗೆ ಹಾಕಿದೆ. ನಮ್ಮ ಮನೆಯವರು ಬಾಗಿಲಲ್ಲೇ ನಿಂತು ನೋಡಿದರು. “ಮೀನು ಹುರಿಯೋ ವಾಸನೆ ಕೆಳಗೆ ಬಂದರೆ?” ಎಂದರು. ಕಿಟಕಿ ಹಾಕಿಕೊಳ್ಳೋಣ ಎಂದೆ. “ಮಳೆಗಾಲದಲ್ಲಿ ನಾಲ್ಕು ತಿಂಗಳು ಕಿಟಕಿ ಹಾಕೇ ಇರುತ್ತೆ, ಬೇಸಿಗೆಗೆ ಏನು ಮಾಡ್ತೀರಾ ಹೇಳಿ” ಎಂದರು. ಅದಕ್ಕೆ ಅಡಿಗೆಮನೆಗೆ ಮೇಲೆ ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿದ್ದೇನೆ, ಗಾಳಿ ರಸ್ತೆ ಕಡೆಗೆ ಹೋಗುವ ಹಾಗೆ. ಎರಡು ಕುಟುಂಬದವರು ಮನೆ ನೋಡಿಕೊಂಡು ಹೋಗಿದ್ದಾರೆ. ಅವರಿಬ್ಬರೂ ತಾವಾಗಿಯೇ, “ನಾವು ವೆಜ್ ಸರ್” ಎಂದು ಹೇಳಿ ಹೋದರು. ನಾನು ಕೇಳಿರಲಿಲ್ಲ.